ಪೀಣ್ಯದ ಕಾಶಿ

ಚಿಕ್ಕಮುನಿಯಮ್ಮ ಹುಟ್ಟಿದಾಗಿನಿಂದ ರೈಲು ಹತ್ತಿದವಳಲ್ಲ. ಈಗ ಅವಳ ಮಗ ವೆಂಕಟೇಶಪ್ಪ ಅವಳನ್ನು ದೆಹಲಿ ದಾಟಿಸಿ ಆಗ್ರಾಕ್ಕೆ ಕರೆತಂದಿದ್ದ. ಆಗ್ರಾ ಎಂದರೆ ಪೀಣ್ಯದ ತಗಡಿನ ಶೆಡ್ಡೊಂದರ ಹಿಂದಿನ ಕೋಣೆ. ಕಿಟಕಿ ಮುಚ್ಚಿತ್ತು. ಚಾಪೆಯ ಮೇಲೆ ಬಣ್ಣದ ಚಿತ್ರದ ಕಾರ್ಡುಗಳು ಸಾಲಾಗಿ ಬಿದ್ದಿದ್ದವು.

"ಇದ್ಯಾವ್ದಮ್ಮ?"

"ತಾಜ್ ಮಾಲು."

"ಯಾರು ಕಟ್ಸಿದ್ದು?"

"ಯಾವನೋ ರಾಜ. ಎಂಡ್ತಿ ಸತ್ಲು ಅಂತ ಕಟ್ಸಿದ್ನಂತೆ. ಅವ್ಳು ಬದ್ಕಿದ್ದಾಗ ಒಂದು ಒಳ್ಳೆ ಸೀರೆ ತಂದ್ಕೊಟ್ಟಿದ್ನೋ ಇಲ್ವೋ, ಅದ್ನ್ಯಾಕೆ ಯಾರೂ ಏಳಲ್ಲ?"

ಸ್ಟೌವಿಗೆ ಪಂಪು ಹೊಡೆಯುತ್ತಿದ್ದ ಸೊಸೆ ಅನುಸೂಯಮ್ಮ ನಕ್ಕುಬಿಟ್ಟಳು. ವೆಂಕಟೇಶಪ್ಪ ನಗಲಿಲ್ಲ.

"ಆಫೀಸರ್ ಮುಂದೆ ಹಿಂಗೆಲ್ಲ ಮಾತಾಡ್ಬೇಡ. ಷಹಜಹಾನ್ ಅನ್ನು. ಇನ್ನೊಂದ್ಸಲ ಅನ್ನು."

"ಸಾಜಾನ. ಆಯ್ತಾ ಗೈಡಪ್ಪ? ಮುಂದಕ್ಕೋಡ್ಸು ನಿನ್ ವ್ಯಾನ."

ವೆಂಕಟೇಶಪ್ಪನ ಕಾರ್ಖಾನೆಯಲ್ಲಿ ಎಲ್‌ಟಿಸಿ ಎಂಬುದಿತ್ತು. ನಾಲ್ಕು ವರ್ಷಕ್ಕೊಮ್ಮೆ ನೌಕರ ಸಂಸಾರ ಸಮೇತ ದೇಶ ನೋಡಿಕೊಂಡು ಬಂದರೆ ಅದರ ಖರ್ಚನ್ನು ಕಾರ್ಖಾನೆ ಕೊಡುತ್ತಿತ್ತು. ದೇಶ ನೋಡಿದವರು ಕಡಿಮೆ, ಬಿಲ್ಲು ತಂದವರು ಹೆಚ್ಚು. ಆ ದುಡ್ಡಿನಲ್ಲಿ ಒಬ್ಬ ಬೋರು ಕೊರೆಸಿದ್ದ, ಇನ್ನೊಬ್ಬ ತಂಗಿಯ ಮದುವೆ ಮುಗಿಸಿದ್ದ. ವೆಂಕಟೇಶಪ್ಪನಿಗೆ ಕುಂದಲಹಳ್ಳಿಯ ಮನೆಯ ಹೆಂಚು ಇಳಿಸಿ ಮೋಲ್ಡ್ ಹಾಕಿಸಬೇಕಿತ್ತು. ಬಿಲ್ಲು ಮಾಡಿಕೊಡುತ್ತಿದ್ದವನು ಟ್ರಾವೆಲ್ಸ್ ಶ್ಯಾಮಣ್ಣ. ಅವನ ಕಾಗದದಲ್ಲಿ ಈ ಮೂವರಿಗೆಂದೇ ಒಂದು ಸ್ಪೆಷಲ್ ವ್ಯಾನಿತ್ತು, ಜೊತೆಗೊಬ್ಬ ಗೈಡು ಇದ್ದ. ದೆಹಲಿ, ಜೈಪುರ, ಆಗ್ರಾ, ಕಾಶಿ.

"ಮಕ್ಕಳಿಲ್ಲದ ಮನೆ. ಬಾಯಿ ಬಿಡೋರಿಲ್ಲ. ಒಳ್ಳೆ ಕೇಸು," ಎಂದಿದ್ದ ಶ್ಯಾಮಣ್ಣ, ಅನುಸೂಯಮ್ಮನ ಎದುರೇ.

ಮೊದಲೆಲ್ಲ ಇಷ್ಟು ಕಷ್ಟವಿರಲಿಲ್ಲ. ಬಿಲ್ಲು ಕೊಟ್ಟು ಮನೆಯಲ್ಲೇ ಮಲಗಿದ್ದರೆ ಆಗುತ್ತಿತ್ತು. ಆದರೆ ಹಿಂದಿನ ವರ್ಷ ಪ್ಲೇಟಿಂಗ್ ವಿಭಾಗದ ರಾಮಾಂಜಿನಪ್ಪ, ಬಿಲ್ಲಿನ ಪ್ರಕಾರ ಕಾಶ್ಮೀರದಲ್ಲಿದ್ದ ದಿನ, ವರ್ತೂರು ಸಂತೆಯಲ್ಲಿ ಬದನೆಕಾಯಿ ಆರಿಸುತ್ತ ಪರ್ಸನಲ್ ಆಫೀಸರ ಕಣ್ಣಿಗೆ ಬಿದ್ದ. ಎನ್‌ಕ್ವೈರಿ ಆಯಿತು, ಕೆಲಸ ಹೋಯಿತು. ಅವನ ಹೆಂಡತಿ ಈಗ ಬೊಮ್ಮನಹಳ್ಳಿಯಲ್ಲಿ ಕಟ್ಟಡದ ಕೆಲಸಕ್ಕೆ ಕಲ್ಲು ಹೊರುತ್ತಿದ್ದಳು. ಅಲ್ಲಿಂದಾಚೆಗೆ ಟೂರಿಗೆ ಹೋದವರು ಊರಿನಿಂದ ಮಾಯವಾಗಲೇಬೇಕಾಯಿತು. ಆಫೀಸರು ಮನೆಯ ಹೆಂಗಸರನ್ನೂ ಕರೆಸಿ ಏನೇನು ನೋಡಿದಿರಿ ಎಂದು ಕೇಳತೊಡಗಿದ್ದರು. ಹಾಗಾಗಿ ಶ್ಯಾಮಣ್ಣ ಬಿಲ್ಲಿನ ಜೊತೆಗೆ ಚಿತ್ರದ ಕಾರ್ಡು, ಕಾಶಿದಾರದ ಕಟ್ಟು, ಬೆಸುಗೆ ಹಾಕಿದ ಗಂಗೆಯ ಗಿಂಡಿಗಳನ್ನೂ ಕೊಡುತ್ತಿದ್ದ. ಇರಲು ಈ ಕೋಣೆಯನ್ನೂ ಅವನೇ ಕೊಟ್ಟಿದ್ದ. ಕುಂದಲಹಳ್ಳಿ ಪಟ್ಟಣದ ಆ ತುದಿಯಾದರೆ ಪೀಣ್ಯ ಈ ತುದಿ. ಇಲ್ಲಿ ಯಾರಿಗೆ ಯಾರೂ ಗೊತ್ತಿರಲಿಲ್ಲ.

ಕಾಶಿಗೆ ಹೋಗುವುದನ್ನು ಊರಿಗೆ ಹೇಳದೆ ಹೋಗುವಂತಿಲ್ಲ. ಹೊರಡುವ ದಿನ ಹೆಂಗಸರೆಲ್ಲ ಬಂದು ಚಿಕ್ಕಮುನಿಯಮ್ಮನ ಕಾಲಿಗೆ ಬಿದ್ದರು. ಪಕ್ಕದ ಮನೆಯ ಮಾರಕ್ಕ ಒಂದು ಬಟ್ಟಡಿಕೆ, ಒಂದು ನಾಲ್ಕಾಣೆ ತಂದು ಅವಳ ಸೆರಗಿನ ತುದಿಗೆ ತಾನೇ ಗಂಟು ಹಾಕಿದಳು. "ನನ್ ಕೈಲಂತೂ ಓಗಾಕಾಗಲ್ಲ. ನನ್ನೆಸ್ರೇಳಿ ಗಂಗಮ್ಮಂಗೆ ಆಕ್ಬುಡು." ಚಿಕ್ಕಮುನಿಯಮ್ಮ ಅವಳ ಮುಖ ನೋಡಲಾಗದೆ ಮಗನ ಮುಖ ನೋಡಿದ್ದಳು.

ಅಲ್ಲಿಂದ ಸೊಸೆಯನ್ನು ಕರೆದುಕೊಂಡು ಹೊಲಕ್ಕೆ ಹೋಗಿದ್ದಳು. ಹೊಲದ ಮೂಲೆಯ ಹೊಂಗೆ ಮರದ ಕೆಳಗೆ ಮನೆಯ ಹಿರಿಯರನ್ನು ಮಣ್ಣು ಮಾಡಿದ ಗುಡ್ಡೆಗಳಿದ್ದವು. ಗಂಡನ ಗುಡ್ಡೆಯ ಎಡಕ್ಕೆ ಒಬ್ಬರು ಮಲಗುವಷ್ಟು ನೆಲವನ್ನು ಅವಳು ಪ್ರತಿ ವರ್ಷ ಮುಳ್ಳು ಕಿತ್ತು ಹಸನು ಮಾಡುತ್ತಿದ್ದಳು. ಆ ದಿನವೂ ಕಿತ್ತಳು. "ಓಗ್ಬತ್ತೀನಿ ಇರು. ನನ್ ಜಾಗಕ್ಕೆ ಯಾರ್ನೂ ಬುಡ್ಬ್ಯಾಡ," ಎಂದು ಗುಡ್ಡೆಗೆ ಹೇಳಿ, "ಇವ್ರೊಬ್ರಿಗೇ ನಾನು ಸುಳ್ಳೇಳ್ದೆ ಬಂದಿದ್ದು ಕಣೆ ಅನ್ಸೂಯ," ಎಂದಿದ್ದಳು.

ವೆಂಕಟೇಶಪ್ಪ ಕೊನೆಯ ಕಾರ್ಡು ಎತ್ತಿದ. ನದಿ, ಮೆಟ್ಟಿಲು, ಓಲೆಗರಿಯ ಕೊಡೆಗಳು.

"ಇದು ಕಾಶಿ. ನಾಳೆ ಬೆಳಿಗ್ಗೆ ಗಂಗಾಸ್ನಾನ. ಕಾಶೀಲಿ ಏನು ಬಿಟ್ಟೆ ಅಂತ ಎಲ್ರೂ ಕೇಳ್ತಾರೆ. ಹಾಗಲಕಾಯಿ ಅಂತ ಹೇಳು."

ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ಕಾಯಿಯನ್ನೋ ಹಣ್ಣನ್ನೋ ಅಲ್ಲಿ ಬಿಡಬೇಕು. ಬಿಟ್ಟದ್ದನ್ನು ಆಮೇಲೆ ಸಾಯುವತನಕ ತಿನ್ನುವ ಹಾಗಿಲ್ಲ. ಬುದ್ಧಿವಂತರು ಸೇರದ್ದನ್ನೇ ಬಿಟ್ಟು ಬರುತ್ತಿದ್ದರು.

"ಆಗಲಕಾಯಿ ನಾನ್ಯಾವತ್ತು ತಿಂದಿದ್ದೆ ಬುಡಾಕೆ? ಗಂಗಮ್ಮ ಏನ್ ಕುರುಡೀನ? ಅವರೆಕಾಯಿ ಬುಡ್ತೀನಿ."

ಅನುಸೂಯಮ್ಮ ತಿರುಗಿ ನೋಡಿದಳು. ಜನವರಿ ತಿಂಗಳು. ಅವರೆ ಬಂದಿತೆಂದರೆ ಅತ್ತೆ ಸಾರಿಗೆ, ರೊಟ್ಟಿಗೆ, ಉಪ್ಪಿಟ್ಟಿಗೆ ಎಲ್ಲಕ್ಕೂ ಅವರೆಯನ್ನೇ ಹಾಕಿಸುತ್ತಿದ್ದಳು.

"ಅಮ್ಮ, ಇದು ಬರೀ ಹೇಳಕ್ಕೆ. ನಿಜವಾಗ್ಲೂ ಬಿಡೋದೇನ್ ಬೇಡ," ಎಂದ ಮಗ.

"ಊರೋರ್ಗೆಲ್ಲ ಸುಳ್ಳೇಳಾಯ್ತು. ಮಾರಕ್ಕಂಗೂ ಏಳಾಯ್ತು. ಒಂದಾದ್ರೂ ನಿಜ ಇರ್ಲಿ ಬುಡ್ಲಾ."

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅವಳು ಎದ್ದು, ಶೆಡ್ಡಿನ ಹಿಂದೆ ಗೋಣಿತಾಟು ಕಟ್ಟಿದ್ದ ಬಚ್ಚಲಿಗೆ ಹೋದಳು. ಪೀಣ್ಯದ ಮೇಲೆ ಮಂಜು ಕವಿದು ಎದುರಿನ ಕಾರ್ಖಾನೆಯ ಚಿಮಣಿ ಕಾಣುತ್ತಿರಲಿಲ್ಲ. ಅನುಸೂಯಮ್ಮ ನೀರು ಕಾಯಿಸುತ್ತೇನೆಂದಳು. "ಕಾಶೀಲಿ ಯಾವೋನು ಕಾಯ್ಸಿಕ್ಕಿರ್ತಾನೆ?" ಎಂದು ಅತ್ತೆ ನಲ್ಲಿಯ ತಣ್ಣೀರನ್ನೇ ಮೂರು ಚೊಂಬು ತಲೆಯ ಮೇಲೆ ಸುರಿದುಕೊಂಡಳು. ಹಲ್ಲು ಕಟಕಟ ಎನ್ನುತ್ತಿದ್ದರೂ ಮುಖ ಗೆಲುವಾಗಿತ್ತು. ಸೆರಗಿನ ಗಂಟನ್ನು ಮುಟ್ಟಿ ನೋಡಿಕೊಂಡು, "ಈ ಅಡ್ಕೆ ಎಲ್ ಬುಡಾನ? ಈ ಬಚ್ಲಿಗಂತೂ ಆಕಾಕಾಗಲ್ಲ," ಎಂದಳು.

ಮರೆತಿರುತ್ತಾಳೆ ಎಂದುಕೊಂಡು ಸೊಸೆ ಮಧ್ಯಾಹ್ನ ಅವರೆಯ ಹಿತಕಿದ ಬೇಳೆಯ ಸಾರು ಮಾಡಿದಳು. ಚಿಕ್ಕಮುನಿಯಮ್ಮ ಸಾರಿನ ಘಮವನ್ನು ಒಮ್ಮೆ ಮೂಗಿಗೆ ಎಳೆದುಕೊಂಡು, ತಟ್ಟೆ ಪಕ್ಕಕ್ಕಿಟ್ಟು, ಮುದ್ದೆಯನ್ನು ಮಜ್ಜಿಗೆಯಲ್ಲಿ ಅದ್ದಿಕೊಂಡು ನುಂಗಿದಳು.

ಸಂಜೆಗೆ ಮೈ ಸುಡತೊಡಗಿತು.

ಟೀ ಅಂಗಡಿಯ ಪಕ್ಕದ ಆರ್‌ಎಂಪಿ ಡಾಕ್ಟರು ಇಂಜೆಕ್ಷನ್ ಕೊಟ್ಟ. ಮರುದಿನ ಮತ್ತೆ ಕೊಟ್ಟ. ಮೂರನೆಯ ದಿನ ಎದೆಗೆ ಸ್ಟೆತಸ್ಕೋಪು ಇಟ್ಟವನು, "ಎದೇಲಿ ಕಫ ಕಟ್ಟಿದೆ. ನನ್ನ ಕೈಲಾಗಲ್ಲ, ಆಸ್ಪತ್ರೆಗೆ ಸೇರ್ಸಿ," ಎಂದು ಹೊರಟುಹೋದ.

"ಕಾರ್ಖಾನೆ ಆಸ್ಪತ್ರೆಗೆ ಕರ್ಕೊಂಡೋಗಾನ ನಡೀರಿ," ಎಂದಳು ಅನುಸೂಯಮ್ಮ.

"ಕಾರ್ಖಾನೆ ಕಾರ್ಡ್ ತೋರ್ಸಿದ್ ಕೂಡ್ಲೆ ಡಿಪಾರ್ಟ್‌ಮೆಂಟಿಗೆ ಫೋನ್ ಮಾಡ್ತಾರೆ. ನಾವೀಗ ಕಾಶೀಲಿದೀವಿ."

"ಮಾರ್ಕೆಟ್ ಅತ್ರದ ದೊಡ್ಡಾಸ್ಪತ್ರೆಗೆ?"

"ಅಲ್ಲಿ ನಮ್ಮೂರೋರು ದಿನಾ ಒಬ್ರಾದ್ರೂ ಇರ್ತಾರೆ. ನೀನೂ ಕಲ್ಲು ಹೊರ್ತೀಯ, ರಾಮಾಂಜಿನಪ್ಪನ ಹೆಂಡ್ತಿ ಜೊತೆ? ಹೊರ್ತೀನಿ ಅನ್ನು, ಈಗ್ಲೇ ಆಟೋ ತರ್ತೀನಿ."

ಅನುಸೂಯಮ್ಮ ಹೊರುತ್ತೇನೆ ಎನ್ನಲಿಲ್ಲ. ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಹೋದ ತಿಂಗಳು ಹೊಸೂರು ರಸ್ತೆಯಲ್ಲಿ ಕಂಡ ಆ ಹೆಂಗಸಿನ ತಲೆಯ ಸಿಂಬೆ ನೆನಪಾಯಿತು. ಅವಳು ಬಟ್ಟೆ ಒದ್ದೆ ಮಾಡಿ ಅತ್ತೆಯ ಹಣೆಗೆ ಹಾಕಿದಳು.

ಮುದುಕಿ ಕಣ್ಣು ಬಿಟ್ಟಳು. "ಎಂಕಟೇಸ, ಊರಿಗೋಗಾನ ಕಣೋ."

"ಇನ್ನು ನಾಕ್ ದಿನ ತಡಿಯಮ್ಮ. ವ್ಯಾನು ವಾಪಸ್ ಹೊರಡುತ್ತೆ."

"ಯಾವ್ ವ್ಯಾನ್ಲಾ?" ಎಂದಳು ಅವಳು. ನಗಲು ನೋಡಿದಳು, ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ, "ಎಡಗಡೀಕೆ. ಮರ್ತೀಯ ಮತ್ತೆ," ಎಂದಳು.

ಮರುದಿನ ಬೆಳಿಗ್ಗೆ ಮೊದಲ ಪಾಳಿಯ ಸೈರನ್ ಕೂಗುವಾಗ ಅವಳು ನೀರು ಕೇಳಿದಳು. ಅನುಸೂಯಮ್ಮ ತೊಡೆಯ ಮೇಲೆ ತಲೆ ಇಟ್ಟುಕೊಂಡು ಲೋಟ ಬಾಯಿಗಿಟ್ಟಳು. ಅದು ಶೆಡ್ಡಿನ ಬೋರಿನ ನೀರು, ತುಕ್ಕಿನ ವಾಸನೆ ಹೊಡೆಯುತ್ತಿತ್ತು. ಒಂದು ಗುಟುಕು ಒಳಗೆ ಹೋಯಿತು. ಎರಡನೆಯದು ಕಟಬಾಯಿಯಿಂದ ಹೊರಗೆ ಬಂತು.

ವೆಂಕಟೇಶಪ್ಪ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತ. ಶೆಡ್ಡಿನವರಿಗೆ ಕೇಳಬಾರದೆಂದು ತಾಯಿಯ ಸೆರಗನ್ನೇ ತುರುಕಿಕೊಂಡಿದ್ದ.

ಶ್ಯಾಮಣ್ಣ ಲೂನಾದಲ್ಲಿ ಬಂದವನು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೈ ಮುಗಿದ. ಆಮೇಲೆ, "ಅಣ್ಣ, ನೋಡಿ. ಇವತ್ತು ಹೆಣ ಊರಿಗೋದ್ರೆ ಪೀಣ್ಯದಲ್ಲಿ ಹೆಂಗೆ ಸತ್ರು ಅಂತಾರೆ. ನಿಮ್ಮ ಕೆಲ್ಸ ಹೋಗುತ್ತೆ, ನನ್ನಂಗ್ಡಿ ಬಾಗ್ಲು ಮುಚ್ಚುತ್ತೆ. ಅಮ್ಮ ಕಾಶೀಲಿ ಹೋದ್ರು ಅನ್ನಿ. ಯಾರೂ ತಪ್ಪು ತಿಳ್ಕೊಳಲ್ಲ. ಹೊಟ್ಟೆಕಿಚ್ಚು ಪಡ್ತಾರೆ," ಎಂದ.

"ಊರಿಗೆ ಕರ್ಕೊಂಡೋಗಾನ," ಎಂದಳು ಅನುಸೂಯಮ್ಮ. "ಕೆಲ್ಸ ಓದ್ರೋಗ್ಲಿ. ಕಲ್ಲು ಒರ್ತೀನಿ."

ಗಂಡ ಅವಳ ಕಡೆ ನೋಡಿದ. "ನಿನ್ನೆ ಹೇಳ್ಬೇಕಿತ್ತು," ಎಂದ.

ಅವಳು ತಿರುಗಿ ಅತ್ತೆಯ ಕೂದಲನ್ನು ಬಾಚಿ ಗಂಟು ಹಾಕಿದಳು.

ಅವರ ಮನೆತನದಲ್ಲಿ ಸುಡುವ ಪದ್ಧತಿಯಿಲ್ಲ, ಮಣ್ಣು ಮಾಡುವುದು. ಇಲ್ಲಿಯೇ ಎಲ್ಲಾದರೂ ಮಣ್ಣು ಮಾಡೋಣ ಎಂದ ವೆಂಕಟೇಶಪ್ಪ. "ಈ ಏರಿಯಾದಲ್ಲಿ ನಾಳೆ ಯಾವ ಗುಂಡಿ ಮೇಲೆ ಯಾವ ಶೆಡ್ಡು ಏಳುತ್ತೋ," ಎಂದ ಶ್ಯಾಮಣ್ಣ. ಸುಟ್ಟರು. ಸೀರೆ ಬದಲಿಸುವಾಗ ಅನುಸೂಯಮ್ಮ ಅಡಿಕೆ ನಾಲ್ಕಾಣೆಯ ಗಂಟನ್ನು ಬಿಚ್ಚಿ ತನ್ನ ಸೆರಗಿಗೆ ಕಟ್ಟಿಕೊಂಡಳು. ಬೂದಿಯನ್ನಾದರೂ ಹೊಲಕ್ಕೆ ಒಯ್ಯುತ್ತೇನೆ ಎಂದು ವೆಂಕಟೇಶಪ್ಪ ಮಡಕೆ ಹಿಡಿದುಕೊಂಡು ನಿಂತ. "ಕಾಶಿಯಿಂದ ಬೂದಿ ವಾಪಸ್ ತರೋ ಮೂಳ ಯಾರಿದಾನೆ ಅಣ್ಣ?" ಎಂದ ಶ್ಯಾಮಣ್ಣ. ಬಣ್ಣದ ಕಾರ್ಖಾನೆಯ ನೀರು ಬಂದು ಸೇರುವ ಕೆರೆಯಲ್ಲಿ ಮಡಕೆಯನ್ನು ಬಿಟ್ಟರು. ಅದು ಜೊಂಡಿಗೆ ಸಿಕ್ಕಿಕೊಂಡಿತು. ಶ್ಯಾಮಣ್ಣ ಕೋಲಿನಿಂದ ತಳ್ಳಿದ.

ಟೂರು ಮುಗಿಯುವವರೆಗೂ ಗಂಡ ಹೆಂಡತಿ ಅದೇ ಕೋಣೆಯಲ್ಲಿದ್ದರು. ಚಿತ್ರದ ಕಾರ್ಡುಗಳನ್ನು ಯಾರೂ ಮುಟ್ಟಲಿಲ್ಲ.

ಕುಂದಲಹಳ್ಳಿಯಲ್ಲಿ ಬಸ್ಸಿಳಿದಾಗ ವೆಂಕಟೇಶಪ್ಪನ ಬೋಳು ತಲೆ ಕಂಡೇ ಊರಿಗೆ ತಿಳಿಯಿತು. ಹೆಂಗಸರು ಎದೆ ಬಡಿದುಕೊಂಡು ಅತ್ತರು. ಹಿರಿಯ ಲಕ್ಷ್ಮಯ್ಯ ಕೈಯೆತ್ತಿ ನಿಲ್ಲಿಸಿದ. "ಅಳ್ಬಾರ್ದು ಕಣ್ರಮ್ಮ. ಕಾಶೀಲಿ ಸಾಯಾಕೆ ಏಳು ಜನ್ಮದ ಪುಣ್ಯ ಬೇಕು. ಎಂಕಟೇಸ, ಎತ್ತ ತಾಯಿಗೆ ಯಾವ ಮಗ ಮಾಡ್ತಾನಪ್ಪ ಇಷ್ಟು?" ವೆಂಕಟೇಶಪ್ಪ ಅವನ ಕಾಲು ಹಿಡಿದುಕೊಂಡು ಅತ್ತ. ತಾಯಿಯ ಮೇಲಿನ ಪ್ರೀತಿ ಎಂದರು ಎಲ್ಲರೂ.

ಗಿಂಡಿಯ ಬೆಸುಗೆ ಒಡೆದು ತೀರ್ಥ ಹಂಚಿದರು. ಜನ ಕಣ್ಣಿಗೆ ಒತ್ತಿಕೊಂಡು ಕುಡಿದರು. ಕಾಶಿದಾರ ಸಾಲದೆ ಹೋಯಿತು. ಮಾರಕ್ಕ ಅನುಸೂಯಮ್ಮನ ಪಕ್ಕದಲ್ಲಿ ಬಂದು ಕುಕ್ಕರಿಸಿದಳು.

"ಬಾಯಿಗೆ ಗಂಗೆ ಬುಟ್ಯಾ?"

"ಬುಟ್ಟೆ."

"ಯಾರ್ ತೊಡೆ ಮ್ಯಾಲೆ?"

"ನನ್ ತೊಡೆ ಮ್ಯಾಲೆ."

"ಪುಣ್ಯವಂತೆ ಕಣೆ ನೀನು. ನನ್ನಡ್ಕೆ?"

"ಅತ್ತೇನೇ ಕೈಯಾರೆ ಆಕಿದ್ರು. ನಿಮ್ಮೆಸ್ರೇಳಿ." ಗಂಟು ಅವಳ ಸೊಂಟದಲ್ಲಿತ್ತು. ಕುಳಿತಿದ್ದರಿಂದ ಅಡಿಕೆ ಪಕ್ಕೆಗೆ ಒತ್ತುತ್ತಿತ್ತು.

"ಕಾಶೀಲಿ ಏನ್ ಬುಟ್ಲು?"

"ಅವರೆಕಾಯಿ."

"ಅವರೆಕಾಯಾ!" ಮಾರಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅಂಗಾದ್ರೆ ಅವ್ಳು ನಿಜವಾಗ್ಲೂ ಓಗಿದ್ಲು ಬುಡು."

ತಿಥಿಯ ದಿನ ಹಿರಿಯರಿಗೆ ಎಡೆ ಇಡಲು ಎಲ್ಲರೂ ಹೊಂಗೆ ಮರದ ಹತ್ತಿರ ಹೋದರು. ಕಾಶಿಯಲ್ಲಿ ಹೋದವಳಿಗೆ ಗುಡ್ಡೆ ಬೇಕಿಲ್ಲ ಎಂದು ಲಕ್ಷ್ಮಯ್ಯ ಮೊದಲೇ ಹೇಳಿದ್ದ. ವೆಂಕಟೇಶಪ್ಪ ಚೊಂಬಿನಿಂದ ಅಜ್ಜನಿಗೆ ಹಾಲು ತುಪ್ಪ ಬಿಟ್ಟ, ಅಜ್ಜಿಗೆ ಬಿಟ್ಟ, ಅಪ್ಪನಿಗೆ ಬಿಟ್ಟ. ಆಮೇಲೆ ಎಡಗಡೆಗೆ ಒಂದು ಹೆಜ್ಜೆ ಇಟ್ಟು ನಿಂತುಬಿಟ್ಟ. ಅಲ್ಲಿ ತಿಂಗಳ ಹಿಂದೆ ಮುಳ್ಳು ಕಿತ್ತ ನೆಲ ಹಾಗೆಯೇ ಚೊಕ್ಕಟವಾಗಿತ್ತು. ಜನ ನೋಡುತ್ತಿದ್ದರು. ಅವನು ಚೊಂಬನ್ನು ಹೆಂಡತಿಯ ಕೈಗೆ ಕೊಟ್ಟು ತಿರುಗಿದ.

ಅನುಸೂಯಮ್ಮ ಚೊಂಬಿನೊಳಗೆ ನೋಡಿದಳು. ಇನ್ನೊಬ್ಬರಿಗೆ ಆಗುವಷ್ಟು ಹಾಲು ಉಳಿದಿತ್ತು. ಅದನ್ನು ಚೆಲ್ಲದ ಹಾಗೆ ಹಿಡಿದುಕೊಂಡು ಬದುವಿನ ಮೇಲೆ ಬಂದು, ಒಮ್ಮೆ ತಿರುಗಿ ಗುಡ್ಡೆಗಳನ್ನು ಎಣಿಸಿದಳು.

ಅಜ್ಜನದೊಂದು. ಅಜ್ಜಿಯದೊಂದು. ಮಾವನದೊಂದು. ಮೂರು.