ಥ್ವೇಟ್ ಕೇಳುವಂಥ ಪ್ರಶ್ನೆ

ಭಾನುವಾರ ಸಂಜೆ ಟಿವಿಯಲ್ಲಿ ‘ಥ್ವೇಟ್’ ಶುರುವಾಯಿತೆಂದರೆ ಮೇವಿಸ್ ಅಜ್ಜಿಯ ಮನೆಗೆ ಯಾರೂ ಬರುತ್ತಿರಲಿಲ್ಲ. ಬಂದರೂ ಅಜ್ಜಿ ಬಾಗಿಲು ತೆರೆಯುತ್ತಿರಲಿಲ್ಲ.

ಥ್ವೇಟ್ ಆ ಧಾರಾವಾಹಿಯ ಕರೋನರ್. ಯಾರಾದರೂ ಅನುಮಾನ ಬರುವ ಹಾಗೆ ಸತ್ತರೆ ವಿಚಾರಣೆ ನಡೆಸುವ ಅಧಿಕಾರಿ. ತಲೆ ಬಾಚದ, ಮಾಸಿದ ಕೋಟಿನ, ಶವಾಗಾರದ ಹಿಂಬಾಗಿಲಲ್ಲಿ ನಿಂತು ಸಿಗರೇಟು ಸೇದುವ ಒರಟು ಹೆಂಗಸು.

“ಈ ಹೆಂಗ್ಸಿಗೆ ಒಂದು ಬಾಚಣಿಗೆ ಕೊಡ್ಸೋರು ಯಾರೂ ಇಲ್ವಾ” ಎಂದು ಅಜ್ಜಿ ಪ್ರತಿ ವಾರ ಗೊಣಗುತ್ತಿದ್ದಳು. ಆದರೆ ಥ್ವೇಟ್ ಬಾಯಿ ತೆರೆದ ಕೂಡಲೇ ಅಜ್ಜಿಯ ಬಾಯಲ್ಲಿದ್ದ ಬಿಸ್ಕತ್ತು ಅಲ್ಲೇ ನಿಲ್ಲುತ್ತಿತ್ತು.

ಮೊಮ್ಮಗಳು ಕರ್ಸ್ಟಿ ಪಕ್ಕದಲ್ಲಿ ಕಾಲು ಮಡಚಿ ಕೂತು ನೋಡುತ್ತಿದ್ದಳು. ಹದಿನಾರಕ್ಕೇ ಶಾಲೆ ಬಿಟ್ಟು ಮೀನಿಗೆ ಹೊಗೆ ಹಾಕುವ ಕಡೆ ಕೆಲಸಕ್ಕೆ ಸೇರಿದವಳು. ಮಾತು ಕಡಿಮೆ. ಅವಳು ಬಾಯಿ ಬಿಟ್ಟರೆ ಜೊತೆಯ ಹೆಂಗಸರು ಕೈಯಲ್ಲಿದ್ದ ಚಾಕು ಕೆಳಗಿಟ್ಟು, “ಸುಮ್ನಿರ್ರೇ, ಮಹಾರಾಣಿ ಏನೋ ಅಪ್ಪಣೆ ಕೊಡ್ತಾರೆ” ಎಂದು ನಗುತ್ತಿದ್ದರು. ಅದಕ್ಕೇ ಅವಳು ಇನ್ನಷ್ಟು ಕಡಿಮೆ ಮಾತಾಡುತ್ತಿದ್ದಳು.

ಧಾರಾವಾಹಿಯಲ್ಲಿ ರಕ್ತ, ಹೆಣ, ಬೈಗುಳ ಎಲ್ಲ ಧಾರಾಳವಾಗಿದ್ದವು. ಕರ್ಸ್ಟಿಗೆ ಹಿಡಿಸಿದ್ದು ಬೇರೆ. ಥ್ವೇಟ್ ದೊಡ್ಡ ಪ್ರಶ್ನೆ ಕೇಳುತ್ತಿರಲಿಲ್ಲ. ಕಿಟಕಿ ಮುಚ್ಚಿದ್ದು ಯಾರು, ಒಲೆಯ ಮೇಲಿದ್ದ ಟೀ ಯಾರಿಗೆ ಮಾಡಿದ್ದು, ನಾಯಿಗೆ ಊಟ ಹಾಕಿದ್ದರೋ ಇಲ್ಲವೋ. ಊರೆಲ್ಲ ಸತ್ತವನ ಬಗ್ಗೆ ತೀರ್ಮಾನಕ್ಕೆ ಬಂದಾದ ಮೇಲೂ ಒಬ್ಬಳು ಇನ್ನೂ ಕೇಳುತ್ತಿದ್ದಾಳೆ ಎಂಬುದೇ ಕರ್ಸ್ಟಿಗೆ ಬೇಕಿತ್ತು.

ಯಾಕೆಂದರೆ ಸ್ಕಾರ್‌ವಿಕ್ ಊರು ಅವಳ ಅಪ್ಪನ ಬಗ್ಗೆಯೂ ಆಗಲೇ ತೀರ್ಮಾನಕ್ಕೆ ಬಂದಿತ್ತು.

ಡೆರೆಕ್ ಹಾರ್ಲೆಂಡ್ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಬಂದರಿನ ನೀರಿನಲ್ಲಿ ಸಿಕ್ಕಿದ್ದ. ಅವನ ಬೂಟು, ಕೋಟು ಕಲ್ಲಿನ ಇಳಿಜಾರಿನಲ್ಲಿ ಒಪ್ಪವಾಗಿ ಕೂತಿದ್ದವು. ಏಡಿ ಹಿಡಿಯುವವನು, ಆ ವರ್ಷ ಬುಟ್ಟಿಗಳು ಖಾಲಿ ಬರುತ್ತಿದ್ದವು, ಹೆಂಡತಿ ಬಿಟ್ಟುಹೋದ ಮೇಲೆ ಮಂಕಾಗಿದ್ದ. ಬೂಟು ಬಿಚ್ಚಿಟ್ಟು ನೀರಿಗಿಳಿದಿದ್ದಾನೆ ಎಂದರೆ ಇನ್ನೇನಿದೆ? ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಜ್ಜಿ ಅಂಗಡಿಗೆ ಹೋದರೆ ಎಲ್ಲರ ದನಿ ತಗ್ಗುತ್ತಿತ್ತು, ಅಷ್ಟೆ.

“ನನ್ನ ಮಗ ನಂಗೆ ಹೇಳ್ದೆ ಅಂಗಡಿಗೂ ಹೋದೋನಲ್ಲ. ಹೇಳ್ದೆ ಸಾಯ್ತಾನಾ?” ಎನ್ನುತ್ತಿದ್ದಳು ಅಜ್ಜಿ. ಅವನ ಸಾವಿನ ವಿಚಾರಣೆ ಇನ್ನೂ ನಡೆಯಬೇಕಿತ್ತು. ಅಲ್ಲಿ ಕರೋನರ್ ಕೂಡ ಊರಿನ ಮಾತನ್ನೇ ಹೇಳಿಬಿಟ್ಟರೆ ಅದೇ ಕೊನೆಯವರೆಗೂ ಡೆರೆಕ್‌ನ ಹೆಸರಿಗೆ ಅಂಟಿಕೊಳ್ಳುತ್ತಿತ್ತು.

ವಿಚಾರಣೆಗೆ ಕೆಲವು ದಿನ ಮೊದಲು ಕರ್ಸ್ಟಿ ಅಪ್ಪನ ಸಣ್ಣ ದೋಣಿಯಿಂದ ಮಳೆನೀರು ಎತ್ತಿ ಚೆಲ್ಲಲು ಬಂದರಿಗೆ ಹೋದಳು. ಅಪ್ಪ ಹೋದ ಮೇಲೆ ಅವಳು ಆ ಕಡೆ ತಲೆ ಹಾಕಿರಲಿಲ್ಲ. ದೋಣಿ ಕಬ್ಬಿಣದ ಬಳೆಗೆ ಕಟ್ಟಿಯೇ ಇತ್ತು. ಆದರೆ ಗಂಟು ಅಪ್ಪನದಲ್ಲ. ಅಪ್ಪ ಎಡಗೈಯವನು, ಅವನ ಗಂಟು ಇನ್ನೊಂದು ಮಗ್ಗುಲಿಗೆ ಬೀಳುತ್ತಿತ್ತು. ಮಿಕ್ಕ ಹಗ್ಗವನ್ನು ಯಾರೋ ಕಲ್ಲಿನ ಮೇಲೆ ಬಸವನಹುಳುವಿನ ಚಿಪ್ಪಿನ ಹಾಗೆ ಚಪ್ಪಟೆಯಾಗಿ ಸುತ್ತಿಟ್ಟಿದ್ದರು. ಬಂದರಿನಲ್ಲಿ ಹಾಗೆ ಸುತ್ತುವವನು ಒಬ್ಬನೇ, ಅಪ್ಪನ ಹೆಣವನ್ನು ಮೊದಲು ಕಂಡ ಸ್ಟ್ಯಾನ್ ಪಿಕರಿಂಗ್.

ಸ್ಕಾರ್‌ವಿಕ್‌ನಲ್ಲಿ ಯಾರದೇ ದೋಣಿ ಬಿಚ್ಚಿಕೊಂಡಿದ್ದರೂ ಕಂಡವರು ಕಟ್ಟುತ್ತಾರೆ. ಕಟ್ಟಿ ಮರೆತುಬಿಡುತ್ತಾರೆ. ಮಾಲೀಕನಿಗೆ ಹೇಳಿದರೆ ‘ನಿನಗೆ ಗಂಟು ಹಾಕಲು ಬರುವುದಿಲ್ಲ’ ಎಂದು ಮುಖಕ್ಕೆ ಹೇಳಿದ ಹಾಗೆ. ಅಪ್ಪ ತಾತಂದಿರ ಕಾಲದಿಂದಲೂ ಅಲ್ಲಿಯ ಮರ್ಯಾದೆ ಅದು.

ಸ್ಟ್ಯಾನ್ ಅಲ್ಲೇ ಬಲೆ ಬಿಡಿಸುತ್ತ ಕೂತಿದ್ದ. ಕರ್ಸ್ಟಿ ಧೈರ್ಯ ಮಾಡಿ ಹತ್ತಿರ ಹೋದಳು.

“ಅಂಕಲ್, ನಮ್ಮ ದೋಣಿ ನೀವು ಕಟ್ಟಿದ್ರಾ?”

“ಯಾವ ದೋಣಿ?” ಸ್ಟ್ಯಾನ್ ಸಮುದ್ರ ನೋಡಿದ. “ನಿಮ್ಮಪ್ಪನ ಗಂಟು ಯಾವತ್ತಾದ್ರೂ ಬಿಚ್ಚಿದ್ದುಂಟಾ ಪುಟ್ಟೀ. ಹೋಗು, ಚಳಿ.”

ಬಂದರಿನಲ್ಲಿ ಅವನು ಬೇರೆ ಉತ್ತರ ಕೊಡುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ವಿಚಾರಣೆಯಲ್ಲಿ ಪ್ರಮಾಣ ಮಾಡಿಸಿಯೇ ಕೇಳಬೇಕು.

ವಿಚಾರಣೆ ಪಕ್ಕದ ಪಟ್ಟಣದ ಕೌನ್ಸಿಲ್ ಕಟ್ಟಡದಲ್ಲಿ ನಡೆಯಿತು. ಅಜ್ಜಿ ಸಾವಿನ ಮನೆಗೆ ಹಾಕುವ ಟೋಪಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಳು.

“ಮೇಜು ಕುಟ್ಟೋ ಸುತ್ತಿಗೆ ಎಲ್ಲೇ?”

“ಇಲ್ಲಿ ಇರಲ್ವಂತೆ ಅಜ್ಜಿ.”

“ಮತ್ತೆ ಜನ ಗಲಾಟೆ ಮಾಡಿದ್ರೆ ಹೇಗೆ ಸುಮ್ನಿರಿಸ್ತಾರೆ?”

“ನಿನ್ನನ್ನಾ? ಅದು ಸುತ್ತಿಗೆಯಿಂದಾನೂ ಆಗಲ್ಲ.”

ಅಜ್ಜಿ ಮೊಣಕೈಯಿಂದ ತಿವಿದಳು. ಮಗ ಹೋದ ಮೇಲೆ ಅವಳ ಮುಖದಲ್ಲಿ ನಗು ಸುಳಿದದ್ದು ಅದೇ ಮೊದಲು.

ನಿಜವಾದ ಕರೋನರ್ ಮಿಸೆಸ್ ಅಟ್ಕಿನ್ ಒಪ್ಪವಾಗಿ ತಲೆ ಬಾಚಿದ್ದರು. ನೆಗಡಿಯಾಗಿತ್ತು. “ಇಲ್ಲಿ ಯಾರ ತಪ್ಪು ಅಂತ ನಾವು ಹುಡುಕೋದಿಲ್ಲ. ಸತ್ತವರು ಯಾರು, ಎಲ್ಲಿ, ಯಾವಾಗ, ಹೇಗೆ, ಇಷ್ಟೇ” ಎಂದು ಮೂಗು ಒರೆಸಿಕೊಂಡರು.

ಡಾಕ್ಟರು ಬಂದು, ನೀರು ಕುಡಿದು ಸತ್ತದ್ದು, ಹೆಂಡ ಕುಡಿದಿರಲಿಲ್ಲ ಎಂದರು. ಪೊಲೀಸಿನವನು ಬೂಟಿನ ವಿಷಯ ಹೇಳಿದ. ಪ್ರತಿ ಸಾಕ್ಷಿ ಮುಗಿದಾಗಲೂ ಕರೋನರ್ ಈ ಕಡೆ ತಿರುಗಿ, “ಮನೆಯವರು ಏನಾದ್ರೂ ಕೇಳೋದಿದೆಯಾ?” ಎನ್ನುತ್ತಿದ್ದರು. ಅಜ್ಜಿ ಎರಡು ಸಲವೂ ಇಲ್ಲವೆಂದು ತಲೆಯಾಡಿಸಿದಳು. ಕೊನೆಗೆ ಸ್ಟ್ಯಾನ್ ಬಂದು, ಬೂಟು ಕಂಡೆ, ಆಮೇಲೆ ಡೆರೆಕ್‌ನನ್ನು ಕಂಡೆ, ಫೋನ್ ಮಾಡಿದೆ ಎಂದು ಮೂರು ಮಾತಿನಲ್ಲಿ ಮುಗಿಸಿದ.

“ಮನೆಯವರು ಏನಾದ್ರೂ...”

ಕರ್ಸ್ಟಿ ಎದ್ದು ನಿಂತಳು. ಕೋಣೆಯ ಕಣ್ಣೆಲ್ಲ ತನ್ನ ಮೇಲೆ ಬಿದ್ದದ್ದು ಬೆನ್ನಿಗೆ ಗೊತ್ತಾಯಿತು. ಬಾಯಿಗೆ ಬಂದದ್ದು ಟಿವಿಯ ಥ್ವೇಟ್‌ಳ ಮಾತೇ.

“ನೀವ್ಯಾಕೆ ಸುಳ್ಳು ಹೇಳಿದ್ರಿ?”

ಸ್ಟ್ಯಾನ್‌ನ ಮುಖ ಕೆಂಪಾಯಿತು. ಕರೋನರ್ ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. “ಕೂತ್ಕೊಂಡೇ ಕೇಳಬಹುದು ಮಿಸ್ ಹಾರ್ಲೆಂಡ್. ಸುಳ್ಳು ಗಿಳ್ಳು ಇಲ್ಲಿ ಬೇಡ. ಅವರು ಏನು ನೋಡಿದ್ರು, ಏನು ಮಾಡಿದ್ರು, ಅದನ್ನ ಕೇಳಿ.”

ಕರ್ಸ್ಟಿ ಕೂರಲಿಲ್ಲ. ಥ್ವೇಟ್ ಗೆಲ್ಲುವುದು ಕೂಗಾಡಿ ಅಲ್ಲವಲ್ಲ ಎಂದು ನೆನಪಾಯಿತು. ಕೂಗಾಡಿದಾಗಲೆಲ್ಲ ಥ್ವೇಟ್ ಸೋತಿದ್ದಳು.

“ಆವತ್ತು ಬೆಳಿಗ್ಗೆ ನಮ್ಮ ದೋಣಿ ಎಲ್ಲಿತ್ತು ಅಂಕಲ್?”

ಸ್ಟ್ಯಾನ್ ಕೈಯಲ್ಲಿದ್ದ ಟೋಪಿಯನ್ನು ತಿರುಗಿಸಿದ, ಮತ್ತೆ ತಿರುಗಿಸಿದ.

“ಆಚೆ ಗೋಡೆ ಹತ್ರ. ಖಾಲಿ ತೇಲ್ತಿತ್ತು.”

“ಕಟ್ಟಿದ್ದು ಯಾರು?”

“ನಾನೇ. ಪೊಲೀಸ್ ಬರೋಕೆ ಮುಂಚೆ ಎಳ್ಕೊಂಡು ಬಂದು ಕಟ್ದೆ.”

ಕರೋನರ್ ಮುಂದಕ್ಕೆ ಬಾಗಿದರು. “ಇದನ್ನ ಪೊಲೀಸರಿಗೆ ಹೇಳಲಿಲ್ವಲ್ಲ, ಮಿಸ್ಟರ್ ಪಿಕರಿಂಗ್?”

“ಹೇಗೆ ಹೇಳಲಿ ಮೇಡಂ?” ಸ್ಟ್ಯಾನ್‌ನ ದನಿ ಒಡೆಯಿತು. “ಹುಡುಗನಾಗಿದ್ದಾಗಿಂದ ಅವನ ಗಂಟು ಒಂದು ದಿನ ಜಾರಿದ್ದಿಲ್ಲ. ಸತ್ತ ದಿನಾನೇ ಜಾರಿತ್ತು ಅಂತ ಊರಿಗೆಲ್ಲ ಸಾರಲಾ? ಅವನ ಮರ್ಯಾದೆ ಉಳಿಸೋಣ ಅಂತ ಸುಮ್ನಾದೆ.”

“ಹಾಗಾದ್ರೆ ಬೂಟು?” ಎಂದರು ಕರೋನರ್.

“ದೋಣಿ ಹಿಡಿಯೋಕೆ ನೀರಿಗೆ ಇಳ್ದಿರ್ತಾನೆ. ಬೂಟು ಹಾಕ್ಕೊಂಡು ಯಾರು ಈಜ್ತಾರೆ? ಮಾರ್ಚ್ ನೀರು ಮೇಡಂ, ಎದೆ ಹಿಡ್ಕೊಂಡುಬಿಡುತ್ತೆ.” ಅವನು ಅಲ್ಲಿಗೆ ನಿಲ್ಲಿಸಿದ. ತಾನು ಮುಚ್ಚಿಟ್ಟದ್ದು ಏನು ಎಂದು ಅವನಿಗೆ ಆಗ ಹೊಳೆದಿರಬೇಕು. ಅಜ್ಜಿಯ ಕಡೆ ನೋಡಲಾರದೆ ನೆಲ ನೋಡಿದ.

ಕರೋನರ್ ಡಾಕ್ಟರನ್ನು ಮತ್ತೆ ಕರೆದರು. ಅಷ್ಟು ತಣ್ಣಗಿನ ನೀರಿನಲ್ಲಿ ಗಟ್ಟಿ ಈಜುಗಾರನೂ ಉಸಿರು ತಪ್ಪಿ ಮುಳುಗಬಹುದು ಎಂದು ಡಾಕ್ಟರು ಹೇಳಿದರು. ಮಿಸೆಸ್ ಅಟ್ಕಿನ್ ಬಹಳ ಹೊತ್ತು ಬರೆದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, ಡೆರೆಕ್ ಹಾರ್ಲೆಂಡ್ ತೇಲಿಹೋಗುತ್ತಿದ್ದ ದೋಣಿಯನ್ನು ಹಿಡಿಯಲು ಹೋಗಿ ಮುಳುಗಿ ಸತ್ತದ್ದು, ಇದು ಅಪಘಾತ ಎಂದರು.

ಅಜ್ಜಿ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಸದ್ದಿಲ್ಲದೆ ಅತ್ತಳು.

ಹೊರಗೆ ಮೆಟ್ಟಿಲ ಹತ್ತಿರ ಸ್ಟ್ಯಾನ್ ಕಾಯುತ್ತಿದ್ದ. “ಮೇವಿಸ್, ನಾನು ಒಳ್ಳೇದಕ್ಕೇ...”

“ನಿನ್ನ ಮರ್ಯಾದೇನ ಉಪ್ಪಿನಕಾಯಿ ಹಾಕ್ಕೋ. ಆರು ತಿಂಗಳಿಂದ ಊರಲ್ಲಿ ತಲೆ ತಗ್ಗಿಸಿ ಓಡಾಡಿದೀನಿ ಕಣೋ.” ಅಜ್ಜಿ ಅವನ ತೋಳನ್ನು ಬಲವಾಗಿ ಹಿಡಿದುಕೊಂಡಳು. ಬಿಡಲೂ ಇಲ್ಲ. “ಈಗ ಈ ಮೆಟ್ಟಿಲು ಇಳಿಸು.”

ಸ್ಥಳೀಯ ಪತ್ರಿಕೆಯ ಹುಡುಗಿ ಹಿಂದಿನಿಂದ ಓಡಿಬಂದು ಕರ್ಸ್ಟಿಯನ್ನು ತಡೆದಳು. “ಒಂದು ಮಾತು. ಹಗ್ಗ ಬಿಚ್ಚಿಕೊಂಡಿದ್ದ ವಿಷಯ ಬರೆದ್ರೆ ನಿಮಗೆ ಬೇಜಾರಾಗುತ್ತಾ? ಮಿಸ್ಟರ್ ಪಿಕರಿಂಗ್‌ಗೆ ಬೇಜಾರಾದ ಹಾಗಿತ್ತು.”

ಸ್ಟ್ಯಾನ್ ಕೆಳಗಿನ ಮೆಟ್ಟಿಲಲ್ಲಿ ನಿಂತು ತಿರುಗಿ ನೋಡಿದ. ಅಜ್ಜಿಯೂ ನೋಡಿದಳು.

“ಬರೀರಿ,” ಎಂದಳು ಕರ್ಸ್ಟಿ. “ಅಪ್ಪನ ಗಂಟು ಬಿಚ್ಕೊಂಡಿತ್ತು, ಅಪ್ಪ ದೋಣಿ ತರೋಕೆ ಹೋದ. ಎರಡನ್ನೂ ಬರೀರಿ.”

“ದಪ್ಪ ಅಕ್ಷರದಲ್ಲಿ,” ಎಂದಳು ಅಜ್ಜಿ ಕೆಳಗಿನಿಂದ.