ಎರಡನೇ ಟ್ಯಾಂಕು

ಕೆಮ್ಮಿತೇ ಇಂಜಿನ್ನು, ಇಲ್ಲ, ಚಕ್ರ ಕಲ್ಲಿಗೆ ತಗುಲಿದ ಸದ್ದಿರಬೇಕು, ಈ ದಾರಿಯಲ್ಲಿ ಯಾವುದು ಕಲ್ಲು ಯಾವುದು ಇಂಜಿನ್ನು ಅಂತ ಯಾರಿಗೆ ಗೊತ್ತಾಗಬೇಕು — ಅಪ್ಪನಿಗೆ ಗೊತ್ತಾಗುತ್ತದೆ, ಪಕ್ಕದಲ್ಲೇ ಕೂತಿದ್ದಾನಲ್ಲ, ಅಂದುಕೊಂಡು ಕವಿತ ಗೇರು ಇಳಿಸಿದಳು. ಮುರುಗಮಲ್ಲ ಹಿಂದೆ ಉಳಿಯಿತು, ಬೆಟ್ಟದ ಆಚೆ ಅಮ್ಮನ ತವರಿನ ಹುಣಸೆ ತೋಪು, ಇನ್ನೂ ಏರು ಇದೆ, ನಾಳೆಯಿಂದ ಗಾಡಿ ನನ್ನ ಕೈಗೆ ಕೊಡ್ಬೇಕು ಕಣಮ್ಮ, ಕಣ್ಣಿನ ಡಾಕ್ಟ್ರು ಗಾಡಿ ಓಡಿಸಬೇಡ ಅಂದಿದ್ದು ಒಂದೇ ತಿಂಗಳು, ಮುಗೀತು, ಬೆಳಿಗ್ಗೆಯಿಂದ ಅಪ್ಪನದು ಅದೇ ಮಾತು, ಅಮ್ಮನನ್ನೂ ಮೊಮ್ಮಗಳನ್ನೂ ಕೂರಿಸಿಕೊಂಡು ಗೌರಿಬಿದನೂರಿಗೆ ಹೋಗುತ್ತಾನಂತೆ, ಹೋಗಲಿ, ಅವನಿಗಿಂತ ಚೆನ್ನಾಗಿ ಓಡಿಸುವವರು ಯಾರಿದ್ದಾರೆ, ಇಲಾಖೆಯಲ್ಲಿ ಡ್ರೈವರಾಗಿದ್ದಾಗ ಓಡಿಸುತ್ತಿದ್ದ ಜೀಪನ್ನೇ ಹರಾಜಿನಲ್ಲಿ ಹಿಡಿದು ಮನೆಗೆ ತಂದವನು, ಚೆನ್ನರಾಯಪ್ಪಣ್ಣ, ನಿನ್ನಂಥೋರು ನಾಲ್ಕು ಜನ ಇದ್ರೆ ನಾವು ಅಂಗಡಿ ಮುಚ್ಚಬೇಕಾಗ್ತದೆ ಅಂತ ಚಿಂತಾಮಣಿಯ ಮೆಕ್ಯಾನಿಕ್ಕುಗಳು ಕಿಚಾಯಿಸುತ್ತಾರೆ, ಅವಳಿಗೂ ಅಪ್ಪನ ಪಾಠ ತಪ್ಪಿದ್ದಲ್ಲ, ಬೆಳಿಗ್ಗೆ ತಣ್ಣಗಿರೋ ಇಂಜಿನ್ನನ್ನ ಕಿರುಚಿಸಬೇಡ, ಏರು ಹತ್ತಿ ಬಂದ ತಕ್ಷಣ ಆಫ್ ಮಾಡಬೇಡ, ಉಸಿರು ಬಿಡೋಕೆ ಬಿಡಮ್ಮ ಅದಕ್ಕೆ, ನನಗಿಂತ ಹೆಚ್ಚು ದಿನ ಬಾಳೋ ಇಂಜಿನ್ನು ಇದು.

ಹಿಂದಿನ ಸೀಟಿನ ಕೆಳಗೆ ಎರಡನೇ ಟ್ಯಾಂಕು ಕೂರಿಸಿದ್ದೂ ಅವನೇ, ಬೆಟ್ಟದ ಹಿಂದೆ ಬಂಕು ಎಲ್ಲಿಂದ ಬರಬೇಕು, ಡೀಸೆಲ್ ತೋರಿಸುವ ಮುಳ್ಳು ಕೆಟ್ಟು ಎಷ್ಟೋ ವರ್ಷವಾಯಿತು, ಮುಳ್ಳು ಯಾತಕ್ಕಮ್ಮ, ಮೊದಲನೇ ಟ್ಯಾಂಕು ಮುಗಿಯೋ ಹೊತ್ತಿಗೆ ಇಂಜಿನ್ನೇ ಕೆಮ್ಮಿ ಹೇಳ್ತದೆ — ಆ ಕೆಮ್ಮು ಬೇರೆಯವರ ಕಿವಿಗೆ ಬೀಳುವ ಮೊದಲೇ ಬಗ್ಗಿ, ಎಡಗಡೆ ಸೀಟಿನ ಬುಡದಲ್ಲಿರುವ ಪಿತ್ತಳೆ ತಿರುಪನ್ನು ಎರಡನೇ ಟ್ಯಾಂಕಿಗೆ ತಿರುಗಿಸಿಬಿಡುತ್ತಿದ್ದ, ತಡವಾದರೆ ಪಂಪು ಗಾಳಿ ಎಳೆದುಕೊಂಡು ಇಂಜಿನ್ನು ನಿಂತೇಹೋಗುತ್ತದೆ, ಒಂದು ದಿನವೂ ಹಾಗಾಗಲು ಬಿಟ್ಟವನಲ್ಲ, ಅವನ ಜಂಬವೆಲ್ಲ ಅದರಲ್ಲೇ — ಮತ್ತೆ ಕೆಮ್ಮಿತು. ಈ ಸಲ ಕಲ್ಲಲ್ಲ. ಬಗ್ಗಪ್ಪ, ಈಗ ಬಗ್ಗು, ತಿರುಪು ನಿನ್ನ ಕಡೆ ಇದೆ, ನಿನ್ನಷ್ಟು ಉದ್ದದ ಕೈಯಲ್ಲ ನನ್ನದು, ಇಲ್ಲಿಂದ ಎಟುಕುವುದಿಲ್ಲ, ಆದರೆ ಅಪ್ಪ ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಅಗಲಿಸಿಟ್ಟು ನೆಟ್ಟಗೆ ಕೂತಿದ್ದಾನೆ, ಈ ತಿಂಗಳೆಲ್ಲ ಹೀಗೇ ಕೂರುತ್ತಿದ್ದ, ಪ್ರೀತಿ ಅಂದುಕೊಂಡಿದ್ದಳು, ಹಳೇ ಎತ್ತಿನ ಮೈ ಸವರಿದ ಹಾಗೆ ಅಂತ ನಕ್ಕಿದ್ದಳು ಕೂಡ.

ಪ್ರೀತಿಯಲ್ಲವೇನೋ. ನಿಮ್ಮಪ್ಪನ್ನ ಎರಡೆರಡು ಸಲ ಕರೀಬೇಕು ಕಣೇ, ಬೇಕು ಅಂತ್ಲೇ ಮಾಡ್ತಾರೆ, ಅಂದಿದ್ದಳು ಅಮ್ಮ, ಆಗಲೂ ನಕ್ಕಿದ್ದರು, ಟಿವಿ ಬೀದಿಗೆಲ್ಲ ಕೇಳುತ್ತಿತ್ತು, ಜೇಬಿನಲ್ಲಿ ಫೋನು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಗುತ್ತಿತ್ತು, ಕಣ್ಣು ತೋರಿಸಿದೆವು, ಕಿವಿಯ ಯೋಚನೆ ಯಾರಿಗೆ ಬಂತು, ಹಿಂದಿನಿಂದ ಲಾರಿ ಹಾರ್ನ್ ಹೊಡೆದರೆ, ನಾಳೆ ಅಮ್ಮ, ಮಗು — ಅಪ್ಪಾ, ಅಂದಳು, ಕೂಗದೆ, ಬೇಕೆಂದೇ ಮಾಮೂಲಿ ದನಿಯಲ್ಲಿ, ಅಪ್ಪಾ, ಟ್ಯಾಂಕು ಬದಲಿಸು. ಅವನು ದಾರಿ ನೋಡುತ್ತಿದ್ದ. ಗಾಡಿ ಕುಲುಕುತ್ತಿತ್ತು, ಆ ಕುಲುಕಾಟದಲ್ಲಿ ಇಂಜಿನ್ನಿನ ಅದುರು ಅಂಗೈಗೂ ಹೇಗೆ ತಿಳಿಯಬೇಕು, ನೋಡಮ್ಮ, ಹೆಂಗೆ ಓಡ್ತಾ ಐತೆ, ಹೊಸದರಂಗೆ ಅಂತ ಇಂಜಿನ್ನಿನ ಗದ್ದಲ ಮೀರಿಸುವ ಹಾಗೆ ಕೂಗಿದ, ಗದ್ದಲ ಆಗಲೇ ನಿಂತುಹೋಗಿತ್ತು.

ಬ್ರೇಕು ಒತ್ತಿ ಹಿಡಿದಳು. ಎಲ್ಲೋ ಮೇಕೆಯೊಂದು ಅರಚಿತು. ಏಮಮ್ಮಾ, ಯಾಕೆ ನಿಲ್ಲಿಸ್ದೆ, ಅದೇ ದೊಡ್ಡ ದನಿ, ನಾನು ನಿಲ್ಲಿಸಲಿಲ್ಲಪ್ಪ, ಅಂದಳೋ ಅಂದುಕೊಂಡಳೋ, ನಾಳೆ ಕೀಲಿ ಕೊಡುವುದಿಲ್ಲ ಅಂತ ಹೇಗೆ ಹೇಳುವುದು, ಎಷ್ಟು ಕೂಗಿ ಹೇಳುವುದು, ಅಪ್ಪ ಅವಳ ತುಟಿ ನೋಡಿದ, ಆಮೇಲೆ ನೋಡಲಿಲ್ಲ, ಅವನ ಅಂಗೈ ಡ್ಯಾಶ್‌ಬೋರ್ಡಿನ ಮೇಲೆ, ಒತ್ತಿ, ತುಸು ಸರಿದು, ಮತ್ತೆ ಒತ್ತಿ, ಇನ್ನೂ ಹುಡುಕುತ್ತಿತ್ತು.