ಪ್ರವಾಸ ಅಲ್ಲ, ಊರಿಗೆ

ಬಲ್ಕಿಸಾ ಆಸ್ಪತ್ರೆಯ ನಲ್ಲಿಯಲ್ಲಿ ಬಟ್ಟೆ ನೆನೆಸಿ, ಹಿಂಡಿ, ನಾಫಿಯ ಹಣೆಗೆ ಹಾಕಿದಳು. ಬಿಸಿಯಾದೊಡನೆ ತೆಗೆದು ಮತ್ತೆ ನೆನೆಸಿದಳು. ಅಕ್ಕ ರಸ್ಮಾತಾ ಮಗಳ ಪಾದ ಹಿಡಿದು ಕೂತಿದ್ದಳು. ಆಫ್ರಿಕಾದ ಬುರ್ಕಿನಾದಿಂದ ಇಟಲಿಯ ಬ್ರೆಷಾಕ್ಕೆ ಮರಳಿ ಹನ್ನೊಂದು ದಿನ. ಜ್ವರ ಬಂದದ್ದು ಇವತ್ತು ಬೆಳಗ್ಗೆ.

ಮೂರು ವರ್ಷದ ಹಿಂದೆ, ಹೀಗೇ ಊರಿಂದ ಮರಳಿದಾಗ, ಇದೇ ಬೆಂಚಿನ ಮೇಲೆ ನಾಫಿಯ ಅಣ್ಣ ಇದ್ರಿಸಾ ಮಲಗಿದ್ದ. ಫ್ಲೂ ಅಂತ ಸಿರಪ್ ಕೊಟ್ಟು ಕಳಿಸಿದ್ದರು. ಮಲೇರಿಯಾ ಅಂತ ಗೊತ್ತಾದದ್ದು ನಾಲ್ಕನೇ ದಿನ. ಆ ಸಂಜೆಯೇ ತೀರಿಕೊಂಡ. ಅಂದಿನಿಂದ ಅಕ್ಕನದು ಒಂದೇ ಮಾತು: "ಊರಿಗೆ ಹೋಗಿದ್ರಾ ಅಂತ ಒಬ್ಬರಾದ್ರೂ ಕೇಳಿದ್ರಾ?" ಆಗೆಲ್ಲ ಬಲ್ಕಿಸಾ ಏನಾದರೊಂದು ತೊಳೆಯಲು ಎದ್ದು ಹೋಗುತ್ತಿದ್ದಳು.

ಡಾಕ್ಟರ್ ಗಿದೀನಿ ಬಂದರು, ಹೊಸಬರು. "ಅಮ್ಮನ ಚಪ್ಪಲಿ ಹಾಕ್ಕೊಂಡು ಬಂದಿದೀಯಲ್ಲೇ ಕಳ್ಳಿ!" ಎಂದರು. ನಾಫಿ ನಗಲಿಲ್ಲ. ಅಕ್ಕನಿಗೆ ಇಟಾಲಿಯನ್ ಬಾರದು. ಡಾಕ್ಟರ್ ಬಲ್ಕಿಸಾಳನ್ನೇ ಕೇಳಿದರು: "ಈಚೆಗೆ ಎಲ್ಲಿಗಾದ್ರೂ ಪ್ರವಾಸ ಹೋಗಿದ್ರಾ?"

ಅದೇ ಪ್ರಶ್ನೆ, ಅದೇ ಪದ. ಇದ್ರಿಸಾನನ್ನು ಕರೆತಂದ ದಿನ ಬಲ್ಕಿಸಾಗೆ ಹದಿಮೂರು. ಪ್ರವಾಸ ಅಂದರೆ ಸಮುದ್ರ, ಹೋಟೆಲು, ಬಣ್ಣದ ಟೋಪಿ. ಅವಳ ಕ್ಲಾಸಿನ ಹುಡುಗಿಯರು ಹೋಗುತ್ತಿದ್ದದ್ದು. ಅಜ್ಜಿಯ ಅಂಗಳದಲ್ಲಿ ಮಲಗೆದ್ದು ಬರುವುದಕ್ಕೆ ಯಾರು ಹಾಗನ್ನುತ್ತಾರೆ? "ಇಲ್ಲ" ಅಂದುಬಿಟ್ಟಿದ್ದಳು. ಇದ್ರಿಸಾ ತಲೆಯೆತ್ತಿ, ಏನೋ ಹೇಳುವವನಂತೆ ಅವಳನ್ನೇ ನೋಡಿದ್ದ. ಆ ನೋಟ ಇನ್ನೂ ಈ ಬೆಂಚು ಬಿಟ್ಟು ಎದ್ದಿರಲಿಲ್ಲ.

"ಊರಿಗೆ ಹೋಗಿದ್ವಿ," ಎಂದಳು. "ಬುರ್ಕಿನಾಗೆ. ಆರು ವಾರ. ಅಜ್ಜಿ ಮನೇಲಿ ಸೊಳ್ಳೆ ಪರದೆ ಇರ್ಲಿಲ್ಲ."

ಡಾಕ್ಟರ್ ಮುಂದೇನೂ ಕೇಳಲಿಲ್ಲ. ನರ್ಸ್ ನಾಫಿಯ ಬೆರಳು ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ಎರಡು ಹನಿ ರಕ್ತ ತೆಗೆದುಕೊಂಡು ಓಡಿದಳು. ಮುಕ್ಕಾಲು ಗಂಟೆಗೆ ಡಾಕ್ಟರೇ ಬಂದರು. "ಮಲೇರಿಯಾನೇ. ಬೇಗ ಬಂದಿದೀರಿ, ಉಳೀತಾಳೆ."

ಬಲ್ಕಿಸಾ ಅದನ್ನು ತಮ್ಮೂರಿನ ಬಿಸ್ಸಾ ಭಾಷೆಯಲ್ಲಿ ಅಕ್ಕನಿಗೆ ಹೇಳಿದಳು. ರಸ್ಮಾತಾ ಅಳುತ್ತ ಮಗಳ ಪಾದಕ್ಕೆ ಮುತ್ತಿಟ್ಟಳು. ಹಣೆಯ ಬಟ್ಟೆ ತೆಗೆದು ತನ್ನ ಕಣ್ಣೊರೆಸಿಕೊಂಡಳು. "ಅಲ್ಲಾ ಈ ಡಾಕ್ಟ್ರನ್ನ ಚೆನ್ನಾಗಿಟ್ಟಿರ್ಲಿ ಕಣೇ. ಇವ್ರು ಕೇಳಿದ್ರು ನೋಡು! ಅವತ್ತೂ ಕೇಳಿದ್ದಿದ್ರೆ..."

"ಅವತ್ತೂ ಕೇಳಿದ್ರು, ಅಕ್ಕಾ. ನಾನೇ ಇಲ್ಲ ಅಂದೆ. ಪ್ರವಾಸ ಅಂದ್ರೆ ಊರಿಗೆ ಹೋಗೋದೂ ಸೇರುತ್ತೆ ಅಂತ ನಂಗೆ ತಿಳೀಲಿಲ್ಲ."

ರಸ್ಮಾತಾಳ ಅಳು ನಿಂತಿತು. ಬಟ್ಟೆ ಅವಳ ಮುಷ್ಟಿಯಲ್ಲೇ ಉಳಿಯಿತು, ನೀರು ತೊಟ್ಟಿಕ್ಕುತ್ತಿತ್ತು. ನಾಫಿ ನರಳಿದಳು. ಬಲ್ಕಿಸಾ ಕೈ ಚಾಚಿದಳು.

"ಅಕ್ಕಾ, ಆ ಬಟ್ಟೆ ಇಲ್ಲಿ ಕೊಡು."